ಡಬ್ಬಿಯೊಳಗಿನ ಸುಣ್ಣ

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ನಾನು ಓದಿದ್ದು ಎರಡನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಹಾಕುತ್ತೇನೆ, ಬರೆಯಲು ಕೂತರೆ ಒಂದು ಹಾಳೆಗೆ ಒಂದು ಮಧ್ಯಾಹ್ನ ಬೇಕು. ಇದನ್ನು ನೋಟುಬುಕ್ಕಿನಲ್ಲಿ ಬರೆದದ್ದು ನಾನೇ. ಒತ್ತಕ್ಷರ ತಿದ್ದಿ ಟೈಪು ಮಾಡಿದ್ದು ಸೊಸೆ, ಯಾವ ಡಬ್ಬಿಯ ಕತೆ ಹೇಳುತ್ತಿದ್ದೇನೋ ಅದೇ ಡಬ್ಬಿಯಲ್ಲಿ. ನನ್ನ ಮಾತು ಬದಲಾಯಿಸಬೇಡ ಅಂತ ಹೇಳಿದ್ದೇನೆ. ಬದಲಾಯಿಸಿದರೆ ಗೊತ್ತಾಗುತ್ತದೆ, ಕೂಡಿಸಿ ಕೂಡಿಸಿ ಓದಿಯಾದರೂ ಕಂಡುಹಿಡಿಯುತ್ತೇನೆ.

ಡಬ್ಬಿ ಅಂದರೆ ಕಂಪ್ಯೂಟರು. ಟಿವಿಯ ಹಾಗೆ ಚಿತ್ರ ತೋರಿಸುವುದನ್ನಲ್ಲ ನಾನು ಡಬ್ಬಿ ಅನ್ನುವುದು. ಅದರ ಪಕ್ಕದಲ್ಲಿ ಕಪ್ಪು ಪೆಟ್ಟಿಗೆ ನಿಂತಿರುತ್ತದಲ್ಲ, ಕೆಲಸ ಮಾಡುವುದೆಲ್ಲ ಅದೇ. ತಾಯಲೂರಿನ ಬೀಗರ ಮನೆಯಿಂದ ಅದು ಬಂದಾಗಲೇ ಹಳೆಯದಾಗಿತ್ತು. ಸೊಸೆ ಡಿಗ್ರಿ ಓದುವಾಗ ಅವಳಪ್ಪ ಕೊಡಿಸಿದ್ದಂತೆ. ಮದುವೆಯಲ್ಲಿ ಬೀರು ಬಂತು, ಮಂಚ ಬಂತು, ಎರಡು ವರ್ಷ ಆದಮೇಲೆ ಇದು ಬಂತು. ಬೀರುವಿನ ಬಾಗಿಲು ಆಗಲೇ ಸರಿಯಾಗಿ ಮುಚ್ಚುವುದಿಲ್ಲ. ಡಬ್ಬಿ ಇನ್ನೂ ಇದೆ.

ನಮ್ಮದು ಸುಗಟೂರು. ಎರಡು ಸೀಮೆಹಸು, ಸ್ವಲ್ಪ ಟೊಮೇಟೊ, ಮಿಕ್ಕಿದ್ದು ಹಿಪ್ಪುನೇರಳೆ ತೋಟ. ರೇಷ್ಮೆ ಹುಳ ಸಾಕುವುದಕ್ಕೆ ಮನೆಗೆ ಅಂಟಿಕೊಂಡ ಹಾಗೆ ಉದ್ದನೆಯ ಹುಳುಮನೆ. ಅದರ ಮುಂಭಾಗದಲ್ಲಿ ಬೀದಿಗೆ ಕಿಟಕಿ ಇರುವ ಒಂದು ಚಿಕ್ಕ ಕೋಣೆ. ಇಡೀ ಮನೆಯಲ್ಲಿ ತಂಪಾದ ಜಾಗ ಅದೇ ಅಂತ ಡಬ್ಬಿಯನ್ನು ಅಲ್ಲಿ ಇಟ್ಟೆವು. ಕೋಣೆಗೂ ಹುಳುಮನೆಗೂ ನಡುವೆ ಒಂದು ಬಾಗಿಲು, ಅದು ಯಾವಾಗಲೂ ತೆರೆದೇ ಇರುತ್ತಿತ್ತು.

ಸೊಸೆ ಆ ಕಿಟಕಿಯಲ್ಲಿ ಕೂತು ಊರಿನವರಿಗೆ ಅರ್ಜಿ ಹಾಕಿಕೊಡುತ್ತಿದ್ದಳು. ಪಹಣಿ ತೆಗೆದುಕೊಡುವುದು, ಜಾತಿ ಆದಾಯದ ಸರ್ಟಿಫಿಕೇಟು, ಮಕ್ಕಳ ಹಾಸ್ಟೆಲು, ಮುದುಕರ ಪಿಂಚಣಿ. ಕಿಟಕಿಯಿಂದ ಒಂದು ಕಾಗದ ಒಳಗೆ ಬರುತ್ತಿತ್ತು, ಇನ್ನೊಂದು ಹೊರಗೆ ಹೋಗುತ್ತಿತ್ತು. ನಡುನಡುವೆ ಎದ್ದು ಬಂದು ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಯಾರ ಹಂಗೂ ಇಲ್ಲದೆ ಕೂತು ಮಾಡುವ ಕೆಲಸ ಅಂತ ಅವಳಿಗೆ ಅದರ ಮೇಲೆ ಆಸೆ. ನನಗೂ ಅನುಕೂಲ. ಅವಳು ಮನೆಯಲ್ಲಿದ್ದರೆ ಸೊಪ್ಪು ಕೊಯ್ಯಲು ಎರಡು ಕೈ ಹೆಚ್ಚು. ಇಲ್ಲದಿದ್ದರೆ ಎಲ್ಲ ನನ್ನ ಸೊಂಟದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನೇನೋ ದೊಡ್ಡ ಗುಣವಂತೆ ಅಂತ ಯಾರೂ ತಿಳಿಯುವುದು ಬೇಡ.

ಆ ವರ್ಷ ಡಬ್ಬಿ ನಿಧಾನವಾಯಿತು. ಮುಂಚೆಯೂ ಅದೇನು ಕುದುರೆಯಲ್ಲ. ಆದರೆ ಆ ಬೇಸಿಗೆಯಲ್ಲಿ ಸ್ವಿಚ್ಚು ಹಾಕಿ, ಎಸರಿಟ್ಟು, ರಾಗಿ ಹಿಟ್ಟು ಸುರಿದು, ಮುದ್ದೆ ತೊಳಸಿ ಕಟ್ಟಿದರೂ ಅದು ಎದ್ದಿರುತ್ತಿರಲಿಲ್ಲ. ಎದ್ದಮೇಲೂ ಒಂದು ಗುಂಡಿ ಒತ್ತಿದರೆ ಯೋಚನೆ ಮಾಡುತ್ತ ಕೂರುವುದು. ಒಳಗೆ ಫ್ಯಾನು ಮಾತ್ರ ಹೊಟ್ಟೆಯುಬ್ಬರ ಬಂದ ಎಮ್ಮೆಯ ಹಾಗೆ ಬುಸುಗುಡುತ್ತಿತ್ತು. ಕರೆಂಟು ಹೋಗಿ ಬಂದರೆ ಇವತ್ತು ಯಾವ ದಿನ ಅನ್ನುವುದೇ ಅದಕ್ಕೆ ಮರೆತುಹೋಗುತ್ತಿತ್ತು. ಯಾವುದೋ ಓಬೀರಾಯನ ಕಾಲದ ತಾರೀಖು ತೋರಿಸುತ್ತಿತ್ತು. ತಾರೀಖು ತಪ್ಪಿದರೆ ಸರ್ಕಾರದ ಪುಟ ತೆರೆಯುವುದಿಲ್ಲವಂತೆ. ಸೊಸೆ ದಿನಾ ಅದಕ್ಕೆ ತಾರೀಖು ಹೇಳಿಕೊಡಬೇಕು.

ಕಿಟಕಿಯ ಹತ್ತಿರ ನಿಂತವರು ಎಷ್ಟು ಹೊತ್ತು ನಿಂತಾರು? ಒಬ್ಬೊಬ್ಬರೇ ಕೋಲಾರಕ್ಕೆ ಹೋಗತೊಡಗಿದರು. ನಮ್ಮ ಪಕ್ಕದ ಮನೆಯವಳು ಬಾಯಿಗೆ ಬೀಗ ಇಲ್ಲದ ಹೆಂಗಸು. ಮಗಳ ಹಾಸ್ಟೆಲ್ ಅರ್ಜಿಗೆ ಅಂತ ಬಂದವಳು ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು:

"ನಿನ್ ಡಬ್ಬಿ ಎದ್ದೇಳೋಷ್ಟೊತ್ಗೆ ನನ್ ಮಗಳು ಓದೋದು ಮುಗ್ಸಿ ಬಾಣಂತಿ ಆಗಿರ್ತಾಳೆ ಕಣೇ."

ಸೊಸೆ ನಕ್ಕಳು. ಪಕ್ಕದ ಮನೆಯವಳು ಆಚೆ ಹೋದಮೇಲೆ ಡಬ್ಬಿಯ ತಲೆಯ ಮೇಲೆ ಒಂದು ಏಟು ಹಾಕಿದಳು.

ನಾನು ಹೋಗಿ ಕೈಯಿಟ್ಟು ನೋಡಿದೆ. ಕಾದ ಹೆಂಚಾಗಿತ್ತು. ಓಹೋ, ಇದಕ್ಕೆ ಸೆಕೆ ಅಂದುಕೊಂಡೆ. ಹುಳಕ್ಕೆ ಸೆಕೆಯಾದರೆ ಮೇವು ಬಿಡುತ್ತದೆ, ಮಂಕಾಗಿ ಬಿದ್ದುಕೊಳ್ಳುತ್ತದೆ. ಅದಕ್ಕೆ ನಾವು ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತೇವೆ. ಐವತ್ತು ವರ್ಷದಿಂದ ಮಾಡುತ್ತಿದ್ದೇನೆ, ಒಂದು ಬೆಳೆಯನ್ನೂ ಸೆಕೆಗೆ ಕಳೆದುಕೊಂಡವಳಲ್ಲ. ಒಂದು ಗೋಣಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಡಬ್ಬಿಗೆ ಹೊದಿಸಿದೆ.

ಸೊಸೆ ತೋಟದಿಂದ ಬಂದು ನೋಡಿ ಕಿರುಚಿದಳು. "ಅಯ್ಯೋ ಅತ್ತಮ್ಮ! ಇದು ಕರೆಂಟಿಂದು! ನೀರ್ ಸೋಕುದ್ರೆ ಸತ್ತೋಗ್ತದೆ, ಮುಟ್ಟಿದ್ರೆ ನೀವೂ ಸತ್ತೋಗ್ತೀರ."

"ಹಿಂಡಿವ್ನಿ ಕಣೇ."

"ಹಿಂಡಿದ್ರೂ ಬ್ಯಾಡ. ಇನ್ನೊಂದ್ಸಲ ಮಾಡ್ಬೇಡಿ."

ಮಾಡಿದೆ. ಅವಳು ಮಧ್ಯಾಹ್ನ ಸೊಪ್ಪಿಗೆ ಹೋದಾಗ ಹೊದಿಸುವುದು, ಬರುವುದಕ್ಕೆ ಮುಂಚೆ ತೆಗೆದು ಒಣಗಹಾಕುವುದು. ಕೈಯಿಟ್ಟರೆ ತಣ್ಣಗಿರುತ್ತಿತ್ತು. ನಾನು ಸರಿ ಅಂತ ನನಗೆ ಗೊತ್ತಿತ್ತು.

ಇನ್ನೊಂದು ಮಾಡಿದೆ. ಡಬ್ಬಿಯ ಬೆನ್ನಿನ ತೂತಿನೊಳಗೆ ಕೆಂಪಿರುವೆ ಸಾಲಾಗಿ ಹೋಗುತ್ತಿದ್ದುದನ್ನು ನೋಡಿದೆ. ಹುಳುಮನೆಯಲ್ಲಿ ಇರುವೆ ಹೊಕ್ಕರೆ ಬೆಳೆ ಹೋಯಿತು ಅಂತಲೇ ಲೆಕ್ಕ. ನಮ್ಮ ಹತ್ತಿರ ಸುಣ್ಣದ ಪುಡಿ ಯಾವಾಗಲೂ ಇರುತ್ತದೆ. ಹುಳ ಜ್ವರಕ್ಕೆ ಕೂತಾಗಿನಿಂದ ಎದ್ದು ಮೇವಿಗೆ ಬರುವ ತನಕ ಅವುಗಳ ಹಾಸಿಗೆಯ ಮೇಲೆ ಬಟ್ಟೆಯಲ್ಲಿ ಕಟ್ಟಿ ಉದುರಿಸುತ್ತೇವೆ. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಚರ್ಮ ಬಿಡುವ ಹೊತ್ತು. ಆಗ ಒಂದು ದಿನ ಮೇವು ತಿನ್ನದೆ ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಆ ಸುಣ್ಣವನ್ನೇ ಡಬ್ಬಿಯ ಸುತ್ತ ಗೆರೆ ಎಳೆದ ಹಾಗೆ ಹಾಕಿದೆ. ಮೇಲಿನ ಜಾಲರಿಯ ಮೇಲೂ ಒಂದು ಹಿಡಿ ಉದುರಿಸಿದೆ. ಇರುವೆ ಹೋಯಿತು. ಗೆರೆಯನ್ನು ಗುಡಿಸಿಹಾಕಿದೆ, ಹೇಗೆ ಹೋಯಿತು ಅಂತ ಸೊಸೆಗೆ ಹೇಳಲಿಲ್ಲ. ಇರುವೆಗೆ ಅಂತ ಆಗಾಗ ಒಂದೊಂದು ಹಿಡಿ ಹಾಕುವುದು ಅಭ್ಯಾಸವಾಯಿತು.

ಡಬ್ಬಿ ಇನ್ನೂ ನಿಧಾನವಾಯಿತು. ವಯಸ್ಸಾಯಿತು ಅಂದುಕೊಂಡೆ.

ನನ್ನ ಮಗ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು ಊರ ಮುಂದೆ ನಿಲ್ಲುತ್ತದೆ. ಕೆಟ್ಟವನಲ್ಲ. ಲೆಕ್ಕದ ಮನುಷ್ಯ. ಕೂತು ತಿನ್ನುವುದನ್ನು ನೋಡಿದರೆ ಅವನ ಮೈ ಉರಿಯುತ್ತದೆ, ಅವರಪ್ಪನ ಗುಣ ಅದು. ಒಂದು ಸಂಜೆ ಊಟಕ್ಕೆ ಕೂತವನು ಮುದ್ದೆ ಮುರಿಯುತ್ತ ಹೇಳಿದ.

"ನಮ್ ಕಂಪನಿ ಪಕ್ಕ ಪ್ಯಾಕಿಂಗ್‌ಗೆ ಹೆಂಗಸ್ರನ್ನ ತಗೋತಾವ್ರೆ. ಹೆಸರು ಕೊಟ್ಟಿವ್ನಿ. ನಾಳಿದ್ದು ಬೆಳಗ್ಗೆ ನನ್ ಜೊತೆ ಬಸ್ಸತ್ತು."

ಸೊಸೆ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. "ಯಾರ್ ಹೆಸರು?"

"ಇನ್ಯಾರ್ದು? ನಮ್ಮಮ್ಮುಂದಾ?"

"ನಂಗೆ ಇಲ್ಲಿ ಕೆಲಸ ಐತೆ."

"ಏನ್ ಕೆಲಸ? ಬೆಳಗ್ಗಿಂದ ಒಂದ್ ಅರ್ಜಿ ಹೋಗಿಲ್ಲ. ಆ ಡಬ್ಬಿ ಮುಂದೆ ಕೂತು ಮಂಗಳಾರತಿ ಎತ್ತೋದು ಒಂದ್ ಬಾಕಿ. ಗುಜರಿಗೆ ಹಾಕು ಅದ್ನ."

ಮದುವೆಗೆ ಮುಂಚೆ ಅವಳು ಒಂದೂವರೆ ವರ್ಷ ಅಂಥದೇ ಕೆಲಸ ಮಾಡಿದ್ದಳು. ಹತ್ತು ಗಂಟೆ ನಿಂತೇ ಇರುವುದು. ಕಾಲು ಬಾಳೆದಿಂಡಿನ ಹಾಗೆ ಊದಿಕೊಳ್ಳುತ್ತಿತ್ತು, ನೀರು ಕುಡಿದರೆ ಆಚೆ ಹೋಗಲು ಕೇಳಬೇಕಲ್ಲ ಅಂತ ನೀರೇ ಕುಡಿಯುತ್ತಿರಲಿಲ್ಲ ಅಂತ ಒಂದು ಸಲ ನನಗೆ ಹೇಳಿದ್ದಳು. ಅದನ್ನು ಗಂಡನಿಗೆ ಹೇಳಲಿಲ್ಲ. ಅವನೂ ನಿಂತೇ ಕೆಲಸ ಮಾಡುತ್ತಾನಲ್ಲ, ಏನು ಹೇಳುತ್ತಾಳೆ?

"ಒಂದಿನ ಟೈಮ್ ಕೊಡಿ," ಅಂದಳು. "ನಾಳೆ ಕೋಲಾರಕ್ಕೆ ತಗೊಂಡೋಗಿ ರಿಪೇರಿ ಮಾಡುಸ್ತೀನಿ. ಆಗ್ಲಿಲ್ಲ ಅಂದ್ರೆ ನಾಳಿದ್ದು ಬಾಯ್ಮುಚ್ಕೊಂಡು ಬಸ್ಸತ್ತೀನಿ."

"ಆಯ್ತು," ಅಂದ. "ಹೊಸದು ಗಿಸದು ಅಂತ ಬಂದ್ರೆ ನನ್ ಹತ್ರ ಇಲ್ಲ."

ಮರುದಿನ ನಮ್ಮ ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಮೇವು ಹಾಕುವ ಹಾಗಿರಲಿಲ್ಲ. ಇಲ್ಲದಿದ್ದರೆ ಇಬ್ಬರೂ ಮನೆ ಬಿಟ್ಟು ಹೋಗುವ ಮಾತೇ ಇಲ್ಲ. ನಾನೂ ಹೊರಟೆ.

"ನೀವ್ಯಾಕೆ ಅತ್ತಮ್ಮ?"

"ಅಕ್ಕಸಾಲಿ ಹತ್ರ ಒಡವೆ ಕೊಟ್ರೆ ಎದುರ್ಗೇ ಕೂತಿರ್ಬೇಕು. ಮಿಲ್ಲಲ್ಲಿ ರಾಗಿ ಹಾಕುದ್ರೆ ನಮ್ ಹಿಟ್ಟು ಬೀಳೋವರ್ಗೂ ಅಲ್ಲೇ ನಿಂತಿರ್ಬೇಕು. ಇದನ್ನ ಬಿಚ್ಚೋವಾಗ ಯಾರು ಕೂತಿರ್ತಾರೆ? ನಿಂಗೆ ಸಂಕೋಚ. ನಂಗಿಲ್ಲ."

ಹಸುಗಳನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಡಬ್ಬಿಯನ್ನು ಸೊಪ್ಪು ಹೊರುವ ಬಟ್ಟೆಯಲ್ಲಿ ಗಂಟುಕಟ್ಟಿ ಬಸ್ಸು ಹತ್ತಿದೆವು. ಕಂಡಕ್ಟರು ಗಂಟಿಗೆ ಕೈಯಿಟ್ಟು ನೋಡಿದ.

"ಏನಜ್ಜಿ ಇದು, ಟಿವಿನಾ? ಲಗೇಜ್ ಆಗ್ತದೆ."

"ಹೆಂಗಸ್ರಿಗೆ ಫ್ರೀ ಅಲ್ವೇನಪ್ಪ?"

"ಹೆಂಗಸ್ರಿಗೆ ಫ್ರೀ, ಡಬ್ಬಿಗಲ್ಲ."

"ಇದೂ ಹೆಂಗಸೇ. ಇದರ ಮೈಗೆ ಹುಷಾರಿಲ್ಲ, ಡಾಕ್ಟ್ರ ಹತ್ರ ಕರ್ಕೊಂಡೋಗ್ತಾಯಿದೀವಿ."

ಬಸ್ಸಿನಲ್ಲಿ ನಗು ಎದ್ದಿತು. ಅವನೂ ನಕ್ಕ. ನಕ್ಕು ಲಗೇಜು ಟಿಕೀಟು ಹರಿದು ಕೊಟ್ಟ. ಅವನ ಕೆಲಸ ಅವನದು.

ಕೋಲಾರದಲ್ಲಿ ಮೊದಲು ಹೋದ ಅಂಗಡಿ ಗಾಜಿನ ಬಾಗಿಲಿನದು. ಅಲ್ಲಿದ್ದವನು ಗಂಟು ಬಿಚ್ಚುವ ಮುಂಚೆಯೇ ಹೇಳಿದ, "ಇದಕ್ಕೆ ದುಡ್ಡು ಹಾಕ್ಬೇಡಿ ಮೇಡಂ, ಹೊಸದು ತಗೊಳ್ಳಿ." ಹೊಸದರ ಬೆಲೆಯಲ್ಲಿ ಒಂದು ಕರುವಿನ ಜೊತೆ ಹಸು ಬರುತ್ತದೆ. ಸೊಸೆಯ ಮುಖ ಅಲ್ಲೇ ಇಳಿದುಹೋಯಿತು. ಗಂಟು ನಾನೇ ಎತ್ತಿಕೊಂಡೆ.

ಎರಡನೆಯದು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ. ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು, ಅಷ್ಟು ಅಂಗಡಿ. ಅದರ ಯಜಮಾನ ಶ್ರೀನಿವಾಸಪುರದ ಕಡೆಯವನು, ಅರವತ್ತರ ಹತ್ತಿರ. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರು, ಆಮೇಲೆ ಟಿವಿ, ಈಗ ಇದು ಅಂತ ತಾನೇ ಹೇಳಿದ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವನು. ಕೂರಲು ಬೆಂಚು ತೋರಿಸಿದ. ನಾನು ಬೆಂಚನ್ನು ಅವನ ಮೇಜಿನ ಎದುರಿಗೇ ಎಳೆದುಕೊಂಡು ಕೂತೆ.

"ನಂಬಿಕೆ ಇಲ್ವಾ ಅಮ್ಮ?"

"ನಿನ್ ಮೇಲೆ ಐತೆ. ಡಬ್ಬಿ ಮೇಲೆ ಇಲ್ಲ."

ಅವನು ನಾಲ್ಕು ಸ್ಕ್ರೂ ತಿರುಗಿಸಿ ಪಕ್ಕದ ತಗಡು ಎಳೆದ. ಎಳೆದವನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ.

"ಇದೇಂಟಮ್ಮಾ ಇದಿ! ಸುನ್ನಂ!"

ಒಳಗೆಲ್ಲ ಬೆಳ್ಳಗೆ. ಬರೀ ಧೂಳಲ್ಲ. ಫ್ಯಾನಿನ ರೆಕ್ಕೆಗೆ, ಅದರ ಕೆಳಗೆ ಬಾಚಣಿಗೆಯ ಹಲ್ಲಿನ ಹಾಗಿದ್ದ ತಗಡುಗಳ ಸಂದಿಗೆಲ್ಲ ಗಾರೆ ಮೆತ್ತಿದ ಹಾಗೆ ಸುಣ್ಣ ಹಿಡಿದು ಗಟ್ಟಿಯಾಗಿತ್ತು. ನಡುನಡುವೆ ಗೋಣಿಯ ನಾರು. ಒಣ ಸುಣ್ಣ ಗಾಳಿಗೆ ಒಳಗೆ ಹೋಗಿದೆ, ಒದ್ದೆ ಗೋಣಿಯ ತೇವ ಅದನ್ನು ಹಿಡಿಸಿದೆ. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಗೋಡೆಗೆ ಸುಣ್ಣ ಹೊಡೆದವಳಿಗೆ ಗೊತ್ತಾಗದೆ ಇರುತ್ತದೆಯೇ?

"ಫ್ಯಾನ್ ತಿರುಗಕ್ಕೆ ಜಾಗ ಇಲ್ಲ. ಒಳಗಿನ ಬಿಸಿ ಆಚೆ ಹೋಗಲ್ಲ," ಅಂದ ಅವನು. "ಬಿಸಿ ಜಾಸ್ತಿ ಆದ್ರೆ ಇದು ತಾನೇ ನಿಧಾನ ಮಾಡ್ಕೊಂತದೆ. ಇಲ್ಲಾಂದ್ರೆ ಸುಟ್ಟೋಗ್ತದಲ್ಲ, ಅದಕ್ಕೆ. ಯಾರಮ್ಮ ಇದಕ್ಕೆ ಸುಣ್ಣ ಹೊಡೆದಿದ್ದು?"

ಸೊಸೆ ಹೇಳಿದಳು, "ಗೋಡೆಗೆ ಸುಣ್ಣ ಹೊಡೆಸುದ್ವಿ ಅಣ್ಣ. ಮುಚ್ಚೋದು ಮರ್ತೋಗಿತ್ತು."

ನಮ್ಮ ಗೋಡೆಗೆ ಸುಣ್ಣ ಹೊಡೆದು ಎಷ್ಟೋ ವರ್ಷವಾಗಿತ್ತು. ಅದಕ್ಕೆ ಬಳಿದಿರುವುದು ಪೇಂಟು, ಅದೂ ಹಸಿರು. ಸೊಸೆ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಅವನು ಬ್ರಷ್ಷಿನಿಂದ ಉಜ್ಜಿದ, ಊದುವ ಯಂತ್ರದಿಂದ ಊದಿದ, ಹೋಗದಿದ್ದುದನ್ನು ಕಡ್ಡಿಯಿಂದ ಕೆರೆದ. ಕೆರೆದದ್ದನ್ನೆಲ್ಲ ಒಂದು ಪೇಪರಿನ ಮೇಲೆ ಕೂಡಿಹಾಕಿದ. ಒಂದು ಹಿಡಿಯಾಯಿತು. ಆಮೇಲೆ ಡಬ್ಬಿಯ ಮೆದುಳು ಅಂತ ಒಂದು ಬಿಲ್ಲೆ ತೋರಿಸಿ, ಅದರ ಮೇಲೆ ಟ್ಯೂಬಿನಿಂದ ಬೂದು ಬಣ್ಣದ ಮುಲಾಮು ಹಚ್ಚಿದ, ನಾವು ವೀಳ್ಯದೆಲೆಗೆ ಸುಣ್ಣ ಸವರುವಷ್ಟು.

"ಇದಕ್ಕೆ ಹಾಕೋ ಸುಣ್ಣ ಇದು ಅಮ್ಮ," ಅಂತ ನಕ್ಕ. "ಬಿಸೀನ ಮೇಲಕ್ಕೆ ಎಳೀತದೆ."

ನನಗೆ ನಗು ಬರಲಿಲ್ಲ.

"ಬರೀ ಸುಣ್ಣದ್ದೇ ತಪ್ಪಲ್ಲ," ಅಂತ ಅವನೇ ಮುಂದುವರಿಸಿದ. "ಅರ್ಧ ಸುಣ್ಣ, ಅರ್ಧ ವಯಸ್ಸು. ನೋಡಿ, ಇದು ಹಾರ್ಡ್ ಡಿಸ್ಕು. ಒಳಗೆ ಒಂದು ತಟ್ಟೆ ಸುತ್ತುತ್ತೆ, ಮುಳ್ಳು ಹುಡುಕುತ್ತೆ. ಹಳೇ ಗ್ರಾಮಫೋನ್ ಥರ. ಸುತ್ತಿ ಸುತ್ತಿ ಸುಸ್ತಾಗಿದೆ. ಇದರ ಬದ್ಲು ಇದು." ಅವನು ತೋರಿಸಿದ್ದು ಇಸ್ಪೀಟು ಕಟ್ಟಿಗಿಂತ ತೆಳ್ಳಗಿನ ಒಂದು ಬಿಲ್ಲೆ. ಅದಕ್ಕೆ ಎಸ್‌ಎಸ್‌ಡಿ ಅನ್ನುತ್ತಾರಂತೆ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಒಳಗೆ ಸುತ್ತುವುದು ಏನೂ ಇಲ್ಲವಂತೆ.

"ಇನ್ನೊಂದು, ಇದರ ರ‍್ಯಾಮ್ ಸಾಲ್ದು. ಅದು ಮೊರ ಇದ್ದಂಗೆ ಅಮ್ಮ. ಮೂಟೆ ಎಷ್ಟ್ ದೊಡ್ಡದಿದ್ರೂ ಮೊರ ಚಿಕ್ಕದಾದ್ರೆ ಸ್ವಲ್ಪ ಸ್ವಲ್ಪಾನೇ ಕೇರ್ಬೇಕು. ನನ್ ಹತ್ರ ಹಳೇದೊಂದಿದೆ, ಸತ್ತೋಗಿರೋ ಕಂಪ್ಯೂಟರ್ದು. ಅದು ಸತ್ರೂ ಇದು ಚೆನ್ನಾಗಿದೆ. ಹಾಕ್ಲಾ?"

"ಹಾಕು," ಅಂದೆ. ಸತ್ತವರ ಮೊರದಲ್ಲಿ ಕೇರಿದರೆ ರಾಗಿ ಹಾಳಾಗುವುದಿಲ್ಲ.

ತಾರೀಖು ಮರೆಯುವುದಕ್ಕೆ ಕಾರಣ ಗುಂಡಿಯಷ್ಟಿದ್ದ ಒಂದು ಬ್ಯಾಟರಿ, ಗಡಿಯಾರಕ್ಕೆ ಹಾಕುವಂಥದು. ಅದನ್ನೂ ಬದಲಾಯಿಸಿದ. ಎಲ್ಲ ಸೇರಿಸಿ ಎರಡು ಮೂಟೆ ಹಸುವಿನ ಫೀಡಿಗಿಂತ ಕಡಿಮೆಯೇ ಆಯಿತು. ಸೊಸೆ ತನ್ನ ಅರ್ಜಿಯ ದುಡ್ಡಿನಲ್ಲೇ ಕೊಟ್ಟಳು.

ಹೊತ್ತು ಹಿಡಿದದ್ದು ಹಳೆಯ ಡಿಸ್ಕಿನಲ್ಲಿದ್ದುದನ್ನು ಹೊಸದಕ್ಕೆ ದಾಟಿಸುವುದು. ಊರಿನವರ ಕಾಗದಪತ್ರ ಎಲ್ಲ ಅದರಲ್ಲೇ ಇತ್ತು. "ಊಟ ಮಾಡ್ಕೊಂಡು ಬನ್ನಿ, ಮಧ್ಯಾಹ್ನ ಆಗ್ತದೆ," ಅಂದ. ನಾನು ಕದಲಲಿಲ್ಲ. ಹುಳಕ್ಕೆ ಹಾಸಿಗೆ ಬದಲಾಯಿಸುವಾಗ ನಾವು ಹಳೆಯದರ ಮೇಲೆ ಬಲೆ ಹಾಸಿ ಹೊಸ ಸೊಪ್ಪು ಹಾಕುತ್ತೇವೆ. ಹುಳ ತಾನಾಗಿ ಮೇಲೆ ಹತ್ತುತ್ತದೆ, ಬಲೆ ಎತ್ತಿ ಹೊಸ ಜಾಗಕ್ಕೆ ಇಡುತ್ತೇವೆ. ಹಳೆಯದರಲ್ಲಿ ಹುಳ ಉಳಿದಿದೆಯಾ ಅಂತ ಕೂತು ನೋಡಬೇಕು. ನೋಡದೆ ಎಸೆದರೆ ಕಸದ ಜೊತೆ ಹೋಗುತ್ತವೆ. ತಂದಿದ್ದ ಚಿತ್ರಾನ್ನವನ್ನು ಆ ಬೆಂಚಿನ ಮೇಲೇ ತಿಂದೆವು. ಅವನಿಗೂ ಒಂದು ಮುಚ್ಚಳದಲ್ಲಿ ಹಾಕಿಕೊಟ್ಟೆವು. ಉಪ್ಪು ಕಡಿಮೆ ಅಂದ. ನಿಜ, ಕಡಿಮೆಯೇ ಇತ್ತು.

ಹೊರಡುವಾಗ ಹಳೆಯ ಡಿಸ್ಕನ್ನು ಸೊಸೆಗೆ ಕೊಟ್ಟು, "ಎತ್ತಿಟ್ಟಿರಿ, ಇದರಲ್ಲೂ ಎಲ್ಲ ಇದೆ," ಅಂದ. ಕೆರೆದ ಸುಣ್ಣವನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಇಟ್ಟ. "ನಿಮ್ದು ನಿಮಗೆ ಅಮ್ಮ. ಎಲೆ ಅಡಿಕೆಗಾಗ್ತದೆ."

ಬಸ್ಸಿನಲ್ಲಿ ಸುಗಟೂರಿನ ತನಕ ಗಂಟು ಅವಳ ತೊಡೆಯ ಮೇಲೆ, ಪೊಟ್ಟಣ ನನ್ನ ಸೊಂಟದಲ್ಲಿ.

ಮನೆಗೆ ಬಂದು ಹುಳ ನೋಡಿದೆ. ಕೂತೇ ಇದ್ದವು. ಸೊಸೆ ಡಬ್ಬಿಗೆ ವೈರು ಸಿಕ್ಕಿಸಿದಳು. ನಾನು ಎಲೆ ಅಡಿಕೆ ತಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಅವಳು ಸ್ವಿಚ್ಚು ಹಾಕಿದಳು. ನಾನು ಎಲೆ ಒರೆಸಿದೆ, ತೊಟ್ಟು ಮುರಿದೆ, ಸುಣ್ಣಕ್ಕೆ ಬೆರಳು ಅದ್ದಿದೆ. ಅಷ್ಟರಲ್ಲಿ ಎದ್ದುಬಿಟ್ಟಿತ್ತು. ತಾರೀಖು ಸರಿಯಾಗಿತ್ತು. ಬುಸುಗುಟ್ಟುವ ಸದ್ದು ಇರಲಿಲ್ಲ. ಸದ್ದಿಲ್ಲದ್ದು ನೋಡಿ ಸತ್ತೇಹೋಯಿತೇನೋ ಅಂತ ನಾನು ಕೈಯಿಟ್ಟು ನೋಡಿದೆ. ಉಗುರುಬೆಚ್ಚಗೆ, ಕರುವಿನ ಮೂಗಿನ ಹಾಗಿತ್ತು.

ಸೊಸೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡಳು, ಅಷ್ಟೇ.

ಹಸುಗಳ ಸುದ್ದಿ ಹೇಳಲು ಪಕ್ಕದ ಮನೆಯವಳು ಬಂದಳು. ಹಾಸ್ಟೆಲ್ ಅರ್ಜಿಗೆ ಮರುದಿನವೇ ಕೊನೆ, ಬೆಳಗ್ಗೆ ಕೋಲಾರಕ್ಕೆ ಹೋಗಬೇಕು ಅಂದಳು.

"ಕಾಗದ ತಗೊಂಬಾ ಇಲ್ಲಿ," ಅಂದೆ ನಾನು.

"ಬ್ಯಾಡ ಬಿಡಕ್ಕ, ಹಸು ಕರೆಯೋ ಹೊತ್ತಾಯ್ತು."

"ತಗೊಂಬಾ ಅಂದ್ರೆ."

ತಂದಳು. ಅದೇ ಹೊತ್ತಿಗೆ ಮಗ ಕಂಪನಿ ಬಸ್ಸಿಳಿದು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೋಡುತ್ತ ನಿಂತ. ನಾನು ಒಲೆಯ ಮೇಲೆ ಟೀಗೆ ಇಟ್ಟೆ. ಟೀ ಉಕ್ಕಿ, ಸೋಸಿ, ನಾಲ್ಕು ಲೋಟಕ್ಕೆ ಹಾಕಿ ತರುವಷ್ಟರಲ್ಲಿ ಅರ್ಜಿ ಹೋಗಿಯಾಗಿತ್ತು, ಪ್ರಿಂಟರು ರಶೀದಿ ಉಗುಳುತ್ತಿತ್ತು. ಪಕ್ಕದ ಮನೆಯವಳು ರಶೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಿಜ್ವಾಗ್ಲೂ ಹೋಯ್ತೇನೇ?"

"ಹೋಯ್ತು ಕಣಕ್ಕ. ಮಗಳು ಬಾಣಂತಿ ಆಗೋದ್ಕೆ ಇನ್ನೂ ಟೈಮೈತೆ," ಅಂದಳು ಸೊಸೆ.

ಅವಳು ಟೀ ಕುಡಿದು ನಗುತ್ತ ಹೋದಳು. ಮಗ ಕೂತ. ಅವನ ಕಣ್ಣಿಗೆ ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲಿದ್ದ ಪೊಟ್ಟಣ ಬಿತ್ತು. ಬಿಚ್ಚಿ ನೋಡಿದ.

"ಏನಿದು?"

"ಡಬ್ಬಿ ಒಳಗಿತ್ತು," ಅಂದಳು ಸೊಸೆ.

ಅವನು ಆ ಗಟ್ಟಿ ಚೂರುಗಳನ್ನು ಬೆರಳಲ್ಲಿ ಪುಡಿ ಮಾಡಿದ. "ಸುಣ್ಣ. ಇಷ್ಟು ಸುಣ್ಣ ತುಂಬ್ಕೊಳ್ಳೋ ಗಂಟ ನೀನೇನ್ ಮಾಡ್ತಿದ್ದೆ? ಪಕ್ಕದಲ್ಲೇ ಕೂತ್ಕೊಂತೀಯ, ಒಂದ್ಸಲ ಒರೆಸ್ಲಿಲ್ವಾ? ಇವತ್ತು ರಿಪೇರಿ ಮಾಡುಸ್ದೆ, ಇನ್ನಾರು ತಿಂಗ್ಳಿಗೆ ಮತ್ತೆ ಇದೇ ಪಾಡು. ವಸ್ತು ಇಟ್ಕೊಳ್ಳೋಕೆ ಬರ್ದಿದ್ದೋಳಿಗೆ ಕಿಟಕಿ ಬೇರೆ ಕೇಡು. ಸುಮ್ನೆ ನಾಳೆ ಬಸ್ಸತ್ತು."

ಅವಳು ತಲೆ ತಗ್ಗಿಸಿ ಲೋಟಗಳನ್ನು ಕೂಡಿಸತೊಡಗಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ನಾನು ಕಾದೆ. ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ ನಾನು ಜಗಳಕ್ಕೆ ಬೀಳುತ್ತಿದ್ದೆ, ಅದು ನನಗೆ ಸುಲಭ. ಅವಳು ಸುಮ್ಮನಿದ್ದಳಲ್ಲ, ಅದು ಕಷ್ಟವಾಯಿತು.

"ಅವಳಲ್ಲ, ನಾನು," ಅಂದೆ.

"ಏನ್ ನೀನು?"

"ಸುಣ್ಣ ಹಾಕಿದ್ದು ನಾನು. ಇರುವೆಗೆ. ಮೇಲಿಂದ ಹಿಡಿ ಹಿಡಿ ಹಾಕಿವ್ನಿ. ಆಮೇಲೆ ಸೆಕೆ ಅಂತ ದಿನಾ ಮಧ್ಯಾಹ್ನ ಒದ್ದೆ ಗೋಣಿ ಹೊದ್ಸಿವ್ನಿ. ಬ್ಯಾಡ ಅಂತ ಅವಳು ಹೇಳಿದ್ಲು. ಅವಳು ತೋಟಕ್ಕೆ ಹೋದ್ಮೇಲೆ ಹೊದುಸ್ತಿದ್ದೆ."

ಮಗ ಪೊಟ್ಟಣವನ್ನೂ ನನ್ನನ್ನೂ ನೋಡಿದ. "ಹುಳುಮನೆ ಮಾಡ್ಬಿಟ್ಟಿದೀಯಲ್ಲಮ್ಮ ಅದನ್ನ. ಸೊಪ್ಪೊಂದು ಹಾಕ್ಲಿಲ್ವಾ?"

"ಗೂಡು ಕಟ್ಟಂಗಿದ್ರೆ ಅದನ್ನೂ ಹಾಕ್ತಿದ್ದೆ."

ಅವನಿಗೆ ನಗು ತಡೆಯಲಾಗಲಿಲ್ಲ. ಕುಡಿಯುತ್ತಿದ್ದ ಟೀ ಮೂಗಿಗೆ ಹತ್ತಿತು. ಸೊಸೆಯೂ ಸೆರಗು ಬಾಯಿಗೆ ಇಟ್ಟುಕೊಂಡಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

"ನಿಂಗೊತ್ತಿತ್ತಾ?" ಅಂತ ಅವಳನ್ನು ಕೇಳಿದೆ.

"ಬೇಸಿಗೆಯಿಂದ ಗೊತ್ತು ಅತ್ತಮ್ಮ. ದಿನಾ ಸಂಜೆ ಡಬ್ಬಿ ಮೇಲೆ ಗೋಣಿ ನಾರು ಅಂಟಿರ್ತಿತ್ತು. ಸುಣ್ಣ ಮಾತ್ರ ಗೊತ್ತಿರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳುದ್ನಲ್ಲ ಒಂದ್ಸಲ. ನೀವು ಕೇಳುದ್ರಾ?"

ನಾನು ಯಾರ ಹತ್ತಿರವೂ ತಪ್ಪಾಯಿತು ಅಂದವಳಲ್ಲ. ಅವತ್ತೂ ಅನ್ನಲಿಲ್ಲ. ನಾನು ಮಾಡಿದ್ದು ಅಂತ ಹೇಳಿದೆ, ಅಷ್ಟೇ. ಅದೇ ನನಗೆ ಹೆಚ್ಚು.

ಮಗ ನಗು ನಿಲ್ಲಿಸಿ ಗಡ್ಡ ಕೆರೆದುಕೊಂಡ. "ಕೆಲಸ ಚೆನ್ನಾಗೇ ಆಗೈತೆ, ಇಲ್ಲ ಅನ್ನಲ್ಲ. ಆದ್ರೆ ಹೆಸರು ಕೊಟ್ಟು ಮಾತಾಡಿವ್ನಲ್ಲ. ನನ್ ಮುಖ ಏನಾಗ್ಬೇಕು? ಆಳು ಸೇರ್ಸೋ ಮೇಸ್ತ್ರಿ ಬಸ್ಸಲ್ಲೇ ಪಟ್ಟಿ ಹಿಡ್ಕೊಂಡಿರ್ತಾನೆ. ಬರಲ್ಲ ಅಂತ ನಾನಂತೂ ಹೇಳಲ್ಲ."

"ನೀನ್ ಹೇಳ್ಬೇಡ," ಅಂದೆ. "ಗಾರೆ ಮೆತ್ತಿದ್ದು ನಾನು, ಕೀಳೋದೂ ನಾನೇ."

ಮರುದಿನ ಬೆಳಗ್ಗೆ ಎದ್ದು ಹುಳುಮನೆಗೆ ಹೋದೆ. ಮುಕ್ಕಾಲು ಹುಳ ಜ್ವರದಿಂದ ಎದ್ದು ಬಿಟ್ಟ ಚರ್ಮವನ್ನು ತುಳಿದುಕೊಂಡು ಓಡಾಡುತ್ತಿದ್ದವು. ಇನ್ನು ಸ್ವಲ್ಪ ಹೊತ್ತು ಬಿಟ್ಟು ಮೇವು. ಹಾಲಿನ ಕ್ಯಾನು ತೆಗೆದುಕೊಂಡು ಡೇರಿಗೆ ಹೊರಟವಳು ದಾರಿ ತಿರುಗಿಸಿ ಊರ ಮುಂದಕ್ಕೆ ಹೋದೆ. ಮಗ ನನಗಿಂತ ಹತ್ತು ಹೆಜ್ಜೆ ಮುಂದೆ, ನಾನು ಯಾರೋ ಅನ್ನುವ ಹಾಗೆ ನಡೆದ.

ಬಸ್ಸು ಬಂತು. ಮಗ ಹತ್ತಿ ಆಚೆ ಪಕ್ಕದ ಕಿಟಕಿಯ ಹತ್ತಿರ ಕೂತ. ಬಾಗಿಲಲ್ಲಿ ಪಟ್ಟಿ ಹಿಡಿದವನು ಇಳಿದು ಅತ್ತ ಇತ್ತ ನೋಡಿದ. ನಾನು ಮುಂದೆ ಹೋಗಿ, ಆ ಹಳದಿ ಅಂಗಿಯವನ ಹೆಂಡತಿಯ ಹೆಸರು ಪಟ್ಟಿಯಲ್ಲಿದೆ, ಅದನ್ನು ಹೊಡೆದು ಹಾಕು ಅಂದೆ.

"ಹಂಗಂದ್ರೆ ಹೆಂಗಜ್ಜಿ? ಸೀಟ್ ಹಿಡಿದಿಟ್ಟಿವ್ನಿ. ಖಾಲಿ ಹೋಗ್ತದೆ."

"ಅವಳ್ಗೆ ಮನೆಯಾಗೆ ಕೆಲಸ ಐತೆ. ಡಬ್ಬಿ ಸರಿಹೋಯ್ತು."

"ಯಾವ್ ಡಬ್ಬಿ?"

"ನಿನ್ ಮಗಳ ಹಾಸ್ಟೆಲ್ ಅರ್ಜಿ ಗಿರ್ಜಿ ಇದ್ರೆ ತಗೊಂಬಾ, ಆಗ ಗೊತ್ತಾಗ್ತದೆ."

"ಸೀಟಿಗೆ ನೀನೇ ಬಂದ್ಬಿಡಜ್ಜಿ ಮತ್ತೆ," ಅಂದ ಡ್ರೈವರು ಒಳಗಿನಿಂದ.

"ನಮ್ ಹುಳ ಜ್ವರ ಎದ್ದವೆ. ಬಿಡುವಿಲ್ಲ ಕಣಪ್ಪ."

ಪಟ್ಟಿಯವನು ಪೆನ್ನು ತೆಗೆದು ಪಟ್ಟಿಯ ಮೇಲೆ ಒಂದು ಗೆರೆ ಎಳೆದ. ಎಳೆದದ್ದನ್ನು ಕಣ್ಣಿಂದ ನೋಡಿದೆ. ಬಸ್ಸು ಹೋಯಿತು. ಡೇರಿಗೆ ಹಾಲು ಹಾಕಿ ಮನೆಗೆ ಬಂದೆ. ಸೊಸೆ ಸೊಪ್ಪಿಗೆ ಹೋಗಿದ್ದಳು. ಡಬ್ಬಿಯ ಕೋಣೆಗೂ ಹುಳುಮನೆಗೂ ನಡುವಿನ ಬಾಗಿಲು ಮುಚ್ಚಿ, ಹಳೆಯ ಸೀರೆಯೊಂದನ್ನು ಹರಿದು ಬಾಗಿಲ ಕೆಳಗಿನ ಸಂದಿಗೆ ತುರುಕಿದೆ. ಆಮೇಲೆ ಸುಣ್ಣದ ಬಟ್ಟೆ ತೆಗೆದುಕೊಂಡು, ಆಚೆಯಿಂದ ಸುತ್ತಿ ಹೋಗಿ, ಹುಳದ ಹಾಸಿಗೆಗೆ ಉದುರಿಸಿದೆ.